ಜ್ವರ ಹೋದ ಮೇಲೆ ಬರುವ ಜ್ವರ

ಮನೆಯಲ್ಲಿ ಯಾರಿಗಾದರೂ ನೆಗಡಿ, ಜ್ವರ ಬಂದು ವಾಸಿಯಾದರೆ ನಾವು ಅದನ್ನು ಮರೆತುಬಿಡುತ್ತೇವೆ. ಅದು ಸಹಜವೇ. ಅಡುಗೆ, ಮಕ್ಕಳ ಶಾಲೆ, ಹೊಲದ ಕೆಲಸ, ಬಂದು ಹೋಗುವ ನೆಂಟರು ಇವುಗಳ ನಡುವೆ ಹೋದ ಜ್ವರದ ಲೆಕ್ಕ ಇಡುವವರು ಯಾರು? ಆದರೆ ಸಹೋದರಿಯರೇ, ಕೆಲವು ವೈರಸ್ ಕಾಯಿಲೆಗಳ ವಿಷಯದಲ್ಲಿ ಮೂರು ನಾಲ್ಕು ವಾರಗಳ ಹಿಂದಿನ ಆ ಸಣ್ಣ ಜ್ವರದ ನೆನಪು ಒಂದು ಮಗುವಿನ ಜೀವ ಉಳಿಸಬಲ್ಲದು. ಆ ನೆನಪು ಇರುವುದು ವೈದ್ಯರ ಬಳಿಯಲ್ಲ, ತಾಯಿಯ ಬಳಿ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸೂಗೂರು ಸೀಮೆಯ ವಳಕಮದಿನ್ನಿಯಂತಹ ಒಂದು ಹಳ್ಳಿ. ಮನೆಯಲ್ಲಿ ದಾದಿಗೆ ಎರಡು ದಿನ ಕೆಮ್ಮು, ಜ್ವರ. ತಂದೆಗೂ ಮೈಕೈ ನೋವು. ಎಂಟು ವರ್ಷದ ಮಗುವಿಗೆ ಒಂದು ದಿನ ಮೈ ಬೆಚ್ಚಗಾಗಿ ಮರುದಿನವೇ ಆಟಕ್ಕೆ ಓಡಿತು. ನಾಲ್ಕು ವಾರಗಳ ನಂತರ ಅದೇ ಮಗುವಿಗೆ ಜೋರು ಜ್ವರ. ಹೊಟ್ಟೆ ನೋವು, ವಾಂತಿ. ಕಣ್ಣು ಕೆಂಪು. ಮೊದಲ ದಿನ 'ಬಿಸಿಲಿಗೆ ಆಡಿದ್ದಾನೆ' ಎನ್ನುತ್ತಾರೆ. ಎರಡನೆಯ ದಿನ 'ಯಾರದೋ ನಜರ್ ತಾಗಿದೆ' ಎನ್ನುತ್ತಾರೆ. ಮೂರನೆಯ ದಿನ ಸೂಜಿ, ನಾಲ್ಕನೆಯ ದಿನ ಗ್ಲೂಕೋಸ್. ಐದನೆಯ ದಿನ ಮಗುವಿನ ಕೈಕಾಲು ತಣ್ಣಗಾಗಿ ಮಾತು ತೊದಲಿದಾಗ ಗಾಡಿ ಹುಡುಕುತ್ತಾರೆ. ಜಿಲ್ಲಾ ಕೇಂದ್ರ ರಾಯಚೂರು ಅಲ್ಲಿಂದ ಎರಡು ಗಂಟೆಯ ದಾರಿ.

ಇದು ಊಹೆಯ ಮನೆ. ಆದರೆ ಈ ಕಾಯಿಲೆ ಊಹೆಯದಲ್ಲ.

2021ರಲ್ಲಿ ನಡೆದದ್ದು

2021ರ ಏಪ್ರಿಲ್ ನಿಮಗೆ ನೆನಪಿರಬಹುದು. ರಂಝಾನ್ ಆಗಷ್ಟೇ ಆರಂಭವಾಗಿತ್ತು. ಏಪ್ರಿಲ್ 17ರಂದು ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆ ನಡೆಯಿತು. ಅದೇ ದಿನಗಳಲ್ಲಿ ಕೊರೊನಾದ ಎರಡನೆಯ ಅಲೆ ರಾಜ್ಯವನ್ನು ಆವರಿಸಿತು. ಏಪ್ರಿಲ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಆ ವರ್ಷದ ಈದ್ ನಮಾಝನ್ನು ನಾವೆಲ್ಲ ಮನೆಯಲ್ಲೇ ನಿರ್ವಹಿಸಿದೆವು. ಆಮ್ಲಜನಕಕ್ಕಾಗಿ, ಹಾಸಿಗೆಗಾಗಿ ಜನ ಪರದಾಡುತ್ತಿದ್ದ ಆ ದಿನಗಳಲ್ಲಿ ಮಕ್ಕಳ ಬಗ್ಗೆ ಒಂದು ಸಮಾಧಾನವಿತ್ತು. ಅವರಿಗೆ ಸೋಂಕು ತಗಲಿದರೂ ಸಾಮಾನ್ಯವಾಗಿ ಸೌಮ್ಯವಾಗಿ ಹಾದುಹೋಗುತ್ತಿತ್ತು.

ಎಷ್ಟು ಮಕ್ಕಳಿಗೆ ತಗಲಿತ್ತು? 2021ರ ಜೂನ್-ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ 70 ಜಿಲ್ಲೆಗಳಲ್ಲಿ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಸಿತು. 6ರಿಂದ 9 ವರ್ಷದ ಮಕ್ಕಳಲ್ಲಿ ನೂರಕ್ಕೆ 57 ಮಂದಿಯ ರಕ್ತದಲ್ಲಿ, 10ರಿಂದ 17 ವರ್ಷದವರಲ್ಲಿ ನೂರಕ್ಕೆ 61 ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತು. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು. ಅವರಲ್ಲಿ ಹೆಚ್ಚಿನವರ ಮನೆಯವರಿಗೆ ಅದರ ಅರಿವೇ ಇರಲಿಲ್ಲ.

ಅಲೆ ಇಳಿದು ಜನ ನಿಟ್ಟುಸಿರು ಬಿಡುವ ಹೊತ್ತಿಗೆ ಮಕ್ಕಳ ವಾರ್ಡುಗಳಲ್ಲಿ ಹೊಸದೊಂದು ತೊಂದರೆ ಕಾಣಿಸಿಕೊಂಡಿತು. ಇದಕ್ಕೆ ವೈದ್ಯರು ಇಟ್ಟ ಹೆಸರು ಎಂಐಎಸ್-ಸಿ. ಮಕ್ಕಳಲ್ಲಿ ಒಂದೇ ವೇಳೆಗೆ ಹಲವು ಅಂಗಗಳಿಗೆ ಆಗುವ ಉರಿಯೂತ ಎಂದು ಇದರ ಅರ್ಥ.

ಉರಿಯೂತ ಎಂದರೇನು?

ಬೆರಳಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಇದು ಮುಳ್ಳಿನ ಕೆಲಸವಲ್ಲ. ನಮ್ಮ ದೇಹದ ರೋಗ ನಿರೋಧಕ ಶಕ್ತಿಯ ಕೆಲಸ. ಶತ್ರುವನ್ನು ಹೊರಹಾಕಲು ದೇಹವು ಅಲ್ಲಿಗೆ ತನ್ನ ಕಾವಲುಗಾರರನ್ನು ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಅವರು ಹಿಂದಿರುಗಬೇಕು. ಊತ ಇಳಿಯಬೇಕು.

ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಹೀಗಾಗುವುದಿಲ್ಲ. ವೈರಸ್ ಹೋಗಿಯಾಗಿದೆ, ಆದರೆ ಕಾವಲುಗಾರರು ಸುಮ್ಮನಾಗುವುದಿಲ್ಲ. ಅವರು ಸ್ವಂತ ಮನೆಯ ಮೇಲೆಯೇ ಕೈ ಮಾಡುತ್ತಾರೆ. ರಕ್ತನಾಳ, ಹೃದಯ, ಕರುಳು, ಚರ್ಮ, ಮೂತ್ರಪಿಂಡ, ಮಿದುಳು ಎಲ್ಲಕ್ಕೂ ಉರಿಯೂತ ಹರಡಬಹುದು.

2006ರ ಚಿಕೂನ್‌ಗುನ್ಯಾ ನಮ್ಮ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಜ್ವರ ನಾಲ್ಕೈದು ದಿನದಲ್ಲಿ ಇಳಿದರೂ ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ರೊಟ್ಟಿ ಬಡಿಯಲಾರದೆ, ಕೊಡ ಎತ್ತಲಾರದೆ ಕೀಲು ನೋವು ಅನುಭವಿಸಿದರು. ಕಾಯಿಲೆ ಬೇರೆ, ಆದರೆ ಪಾಠ ಒಂದೇ: ಜ್ವರ ಹೋಯಿತೆಂದರೆ ಉರಿಯೂತವೂ ಹೋಯಿತೆಂದು ಅರ್ಥವಲ್ಲ.

ಹಳೆಯ ಕಾಯಿಲೆಯ ಹೊಸ ತಂಗಿ

2020ರ ಏಪ್ರಿಲ್ ಕೊನೆಯಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರು ಮೊದಲ ಬಾರಿಗೆ ಇದರ ಬಗ್ಗೆ ಎಚ್ಚರಿಕೆ ನೀಡಿದರು. ಆರೋಗ್ಯವಾಗಿದ್ದ ಮಕ್ಕಳು ಜ್ವರ, ಹೊಟ್ಟೆ ನೋವು ಎಂದು ಬಂದು ಒಂದೆರಡು ದಿನಗಳಲ್ಲಿ ರಕ್ತದೊತ್ತಡ ಕುಸಿದು ತೀವ್ರ ನಿಗಾ ಘಟಕ ಸೇರುತ್ತಿದ್ದರು. ಮೇ 15ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದರ ಲಕ್ಷಣಗಳನ್ನು ಪ್ರಕಟಿಸಿತು. ಕೊರೊನಾ ಸೋಂಕಿನ ಎರಡರಿಂದ ಆರು ವಾರಗಳ ನಂತರ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಇದನ್ನು ನೋಡಿದ ವೈದ್ಯರಿಗೆ ಕೂಡಲೇ ನೆನಪಾದದ್ದು ಕವಾಸಾಕಿ ಕಾಯಿಲೆ. ಜಪಾನಿನ ಮಕ್ಕಳ ವೈದ್ಯ ಡಾ. ಟೊಮಿಸಾಕು ಕವಾಸಾಕಿ 1961ರಲ್ಲಿ ಮೊದಲ ರೋಗಿಯನ್ನು ಕಂಡು, 1967ರಲ್ಲಿ ಅಂತಹ 50 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಈ ಕಾಯಿಲೆಯಲ್ಲೂ ಬಿಡದ ಜ್ವರ, ಕೆಂಪು ಕಣ್ಣು, ಬಿರಿದ ತುಟಿ, ಮೈ ಮೇಲೆ ಗಂಧೆ ಇರುತ್ತವೆ. ಸಣ್ಣ ಕೂಸುಗಳಲ್ಲಿ ಬಿಸಿಜಿ ಲಸಿಕೆಯ ಗುರುತು ಕೆಂಪಾಗುವುದೂ ಉಂಟು. ಚಿಕಿತ್ಸೆ ಸಿಗದಿದ್ದರೆ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಹೃದಯಕ್ಕೆ ರಕ್ತ ಕೊಡುವ ನಾಳಗಳು ಬಲೂನಿನಂತೆ ಉಬ್ಬುತ್ತವೆ. ಜ್ವರ ಆರಂಭವಾದ ಹತ್ತು ದಿನದೊಳಗೆ ಸರಿಯಾದ ಔಷಧ ಸಿಕ್ಕರೆ ಈ ಅಪಾಯ ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಇದು ವಿದೇಶದ ಕಾಯಿಲೆಯೇನೂ ಅಲ್ಲ. ಚಂಡೀಗಢದ ಪಿ.ಜಿ.ಐ. ಆಸ್ಪತ್ರೆಯ ವೈದ್ಯರು 1990ರ ದಶಕದಿಂದಲೂ ಇದನ್ನು ಗುರುತಿಸಿ ಚಿಕಿತ್ಸೆ ನೀಡುತ್ತಿದ್ದಾರೆ. ಇದರ ನಿಖರ ಕಾರಣ ಇಂದಿಗೂ ಗೊತ್ತಾಗಿಲ್ಲ. ಯಾವುದೋ ಸೋಂಕು ಇದಕ್ಕೆ ಕಿಡಿ ಹಚ್ಚುತ್ತದೆ ಎಂಬುದು ತಜ್ಞರ ಅಭಿಪ್ರಾಯ.

ಎಂಐಎಸ್-ಸಿ ಹೆಚ್ಚಾಗಿ ಕಂಡದ್ದು ಎಂಟು-ಒಂಬತ್ತು ವರ್ಷದ ಆಸುಪಾಸಿನ ಶಾಲೆಗೆ ಹೋಗುವ ಮಕ್ಕಳಲ್ಲಿ. ಇದರಲ್ಲಿ ಹೊಟ್ಟೆಯ ತೊಂದರೆಯೂ ಹೃದಯದ ದುರ್ಬಲತೆಯೂ ಕವಾಸಾಕಿಗಿಂತ ಹೆಚ್ಚು.

ಹೆದರಬೇಕೇ?

ಹೆದರಬೇಕಾಗಿಲ್ಲ, ಎಚ್ಚರವಿರಬೇಕು. ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಅಮೆರಿಕದಲ್ಲಿ ಮಾಡಿದ ಲೆಕ್ಕದ ಪ್ರಕಾರ ಸೋಂಕು ತಗಲಿದ ಸುಮಾರು ಮೂರು ಸಾವಿರ ಮಕ್ಕಳು ಮತ್ತು ಯುವಕರಲ್ಲಿ ಒಬ್ಬರಿಗೆ ಇದು ಬಂದಿತ್ತು. 2022ರ ಒಮಿಕ್ರಾನ್ ಅಲೆಯ ನಂತರ ಇನ್ನೂ ಬಹಳ ಕಡಿಮೆಯಾಯಿತು. ಅಮೆರಿಕದಲ್ಲಿ ಈ ಕಾಯಿಲೆ ಬಂದ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತೊಂಬತ್ತು ಮಂದಿ ಬದುಕುಳಿದರು. ನಮ್ಮ ದೇಶದ ದೊಡ್ಡ ಆಸ್ಪತ್ರೆಗಳ ವರದಿಗಳಲ್ಲಿ ಸಾವುಗಳ ಪ್ರಮಾಣ ಅದಕ್ಕಿಂತ ಹೆಚ್ಚಿತ್ತು. ರಕ್ತದೊತ್ತಡ ಕುಸಿದ ಮೇಲೆ ಆಸ್ಪತ್ರೆ ಮುಟ್ಟುವ ಮಗುವನ್ನು ಉಳಿಸಿಕೊಳ್ಳುವುದು ಎಲ್ಲಿಯಾದರೂ ಕಷ್ಟವೇ.

ಹಾಗಾದರೆ ಈಗ ಇದನ್ನು ತಿಳಿದೇನು ಪ್ರಯೋಜನ ಎಂದು ನೀವು ಕೇಳಬಹುದು. ವೈರಸ್‌ಗಳು ಹೋಗಿಲ್ಲ. ಕವಾಸಾಕಿ ಕಾಯಿಲೆ ಹಿಂದೆಯೂ ಇತ್ತು, ಇಂದೂ ಇದೆ. ಈ ಕಾಯಿಲೆಗಳಲ್ಲಿ ತಾಯಿ ಗಮನಿಸಬೇಕಾದ ಲಕ್ಷಣಗಳು ಬಹುತೇಕ ಒಂದೇ.

ಯಾವ ಲಕ್ಷಣಗಳನ್ನು ಗಮನಿಸಬೇಕು?

ಮೂರು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಡದ ಜ್ವರ ಮೊದಲ ಲಕ್ಷಣ. ಇದರ ಜೊತೆಗೆ ಕೆಳಗಿನವುಗಳಲ್ಲಿ ಒಂದೆರಡು ಕಂಡರೂ ಮಕ್ಕಳ ವೈದ್ಯರನ್ನು ಕಾಣಬೇಕು.

* ಎರಡೂ ಕಣ್ಣು ಕೆಂಪಾಗಿರುವುದು, ಆದರೆ ಪಿಸುರು ಇಲ್ಲದಿರುವುದು.
* ತುಟಿ ಕೆಂಪಾಗಿ ಬಿರಿಯುವುದು. ನಾಲಗೆ ಕೆಂಪಾಗಿ ಚುಕ್ಕೆ ಚುಕ್ಕೆಯಾಗುವುದು.
* ಮೈ ಮೇಲೆ ಗಂಧೆ. ಅಂಗೈ, ಅಂಗಾಲು ಕೆಂಪಾಗಿ ಊದುವುದು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಗಂಧೆ ಬೇಗ ಕಾಣುವುದಿಲ್ಲ. ಬೆಳಕಿನಲ್ಲಿ ನಿಲ್ಲಿಸಿ ಹೊಟ್ಟೆ, ಬೆನ್ನು, ತೊಡೆಸಂದು ನೋಡಿ.
* ಜೋರಾದ ಹೊಟ್ಟೆ ನೋವು, ವಾಂತಿ, ಭೇದಿ.
* ಕುತ್ತಿಗೆಯಲ್ಲಿ ಗಂಟು, ತಲೆನೋವು, ವಿಪರೀತ ಸುಸ್ತು.

ಇನ್ನು ಕೆಲವು ಲಕ್ಷಣಗಳಿಗೆ ಮೂರು ದಿನ ಕಾಯಬಾರದು. ಕೈಕಾಲು ತಣ್ಣಗಾಗುವುದು, ಉಸಿರಾಟ ವೇಗವಾಗುವುದು, ಎಂಟು ಗಂಟೆ ಕಳೆದರೂ ಮೂತ್ರ ಮಾಡದಿರುವುದು, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಅರ್ಥವಿಲ್ಲದ ಮಾತು, ಫಿಟ್ಸ್. ಮಗುವಿನ ಉಗುರನ್ನು ಒತ್ತಿ ಬಿಡಿ. ಬೆಳ್ಳಗಾದ ಉಗುರಿಗೆ ಎರಡು ಮೂರು ಎಣಿಸುವುದರೊಳಗೆ ಕೆಂಪು ಮರಳಬೇಕು. ಮರಳದಿದ್ದರೆ ರಕ್ತ ಸಂಚಾರ ಕುಗ್ಗಿದೆ ಎಂದರ್ಥ. ಇವುಗಳಲ್ಲಿ ಯಾವುದೇ ಒಂದು ಕಂಡರೂ ರಾತ್ರಿಯೆಂದು ನೋಡದೆ 108ಕ್ಕೆ ಕರೆ ಮಾಡಿ.

ದಾವಣಗೆರೆಯ ಬಾಲಕ

ಉರಿಯೂತ ಮಿದುಳಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ನಿದರ್ಶನವಿದೆ. 2021ರ ಜೂನ್‌ನಲ್ಲಿ ದಾವಣಗೆರೆಯ ಎಸ್.ಎಸ್. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 13 ವರ್ಷದ ಬಾಲಕನೊಬ್ಬನಿಗೆ ಕೊರೊನಾ ನಂತರದ ಅಪರೂಪದ ಮಿದುಳಿನ ತೊಂದರೆ ಪತ್ತೆಯಾಯಿತು. ವೈದ್ಯರು ಇದನ್ನು ಎಎನ್‌ಇಸಿ ಎಂದು ಕರೆಯುತ್ತಾರೆ. ವೈರಸ್ ಸೋಂಕಿನ ಬೆನ್ನಲ್ಲೇ ಮಿದುಳಿನ ಆಳದ ಭಾಗಗಳಿಗೆ ಏಕಾಏಕಿ ಹಾನಿಯಾಗುವ ಸ್ಥಿತಿ ಇದು. ಜಪಾನಿನ ವೈದ್ಯರು 1990ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಆಗ ಹೆಚ್ಚಾಗಿ ಫ್ಲೂ ಜ್ವರದ ನಂತರ ಕಂಡಿತ್ತು. ದಾವಣಗೆರೆಯ ಬಾಲಕನಿಗೆ ವೆಂಟಿಲೇಟರ್ ಬೇಕಾಯಿತು. ಚಿಕಿತ್ಸೆಯಿಂದ ಅವನು ಚೇತರಿಸಿಕೊಂಡ. ಅಂದು ಪತ್ರಿಕೆಗಳಲ್ಲಿ ಈ ಸುದ್ದಿ ಓದಿ ಎಷ್ಟೋ ತಾಯಂದಿರು ಕಂಗಾಲಾದರು. ಗಮನಿಸಬೇಕಾದದ್ದು ಬೇರೆ: ಆ ಬಾಲಕ ವೆಂಟಿಲೇಟರ್ ಇರುವ ಆಸ್ಪತ್ರೆಯನ್ನು ಸಕಾಲಕ್ಕೆ ಮುಟ್ಟಿದ್ದ.

ವೈದ್ಯರಿಗೇ ಗೊಂದಲವಾಗುವ ಕಾಯಿಲೆ

ನಮ್ಮ ಸೀಮೆಯಲ್ಲಿ ಮಗುವಿಗೆ ಜ್ವರ, ಹೊಟ್ಟೆ ನೋವು ಎಂದರೆ ವೈದ್ಯರಿಗೆ ಮೊದಲು ಹೊಳೆಯುವುದು ಟೈಫಾಯ್ಡ್. ಮಳೆಗಾಲವಾದರೆ ಡೆಂಗ್ಯೂ, ಮಲೇರಿಯಾ. ಹೊಟ್ಟೆಯ ಬಲಬದಿಗೆ ನೋವಿದ್ದರೆ ಅಪೆಂಡಿಸೈಟಿಸ್. ಅವರು ಹಾಗೆ ಯೋಚಿಸುವುದು ಸರಿಯೇ, ಏಕೆಂದರೆ ಅವೇ ಹೆಚ್ಚು ಸಾಮಾನ್ಯ. ಎಂಐಎಸ್-ಸಿ ಇದ್ದ ಕೆಲವು ಮಕ್ಕಳನ್ನು ಅಪೆಂಡಿಸೈಟಿಸ್ ಎಂದು ಶಸ್ತ್ರಚಿಕಿತ್ಸೆಯ ಮೇಜಿನ ತನಕ ಒಯ್ದ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ.

ಇಲ್ಲಿಯೇ ನಿಮ್ಮ ನೆನಪು ಕೆಲಸಕ್ಕೆ ಬರುವುದು. 'ಡಾಕ್ಟರೇ, ಒಂದು ತಿಂಗಳ ಹಿಂದೆ ನಮ್ಮ ಮನೆಯಲ್ಲಿ ಮೂವರಿಗೆ ಕೆಮ್ಮು, ಜ್ವರ ಇತ್ತು' ಎಂಬ ಒಂದು ಮಾತು ವೈದ್ಯರ ಯೋಚನೆಯ ದಿಕ್ಕನ್ನು ಬದಲಿಸಬಲ್ಲದು. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಗಂಡನೋ ಮಾವನೋ ಮಗುವನ್ನು ಕರೆದುಕೊಂಡು ಹೋಗುವುದಾದರೆ ಒಂದು ಚೀಟಿಯಲ್ಲಿ ಬರೆದು ಕಳಿಸಿ: ಜ್ವರ ಯಾವ ದಿನ ಆರಂಭವಾಯಿತು, ಎಷ್ಟು ಡಿಗ್ರಿ ಇತ್ತು, ಯಾವ ಔಷಧ ಕೊಟ್ಟಿರಿ, ಕಳೆದ ಎರಡು ತಿಂಗಳಲ್ಲಿ ಮನೆಯಲ್ಲಿ, ನೆರೆಯಲ್ಲಿ ಯಾರಿಗೆ ಏನಾಗಿತ್ತು. ಸಾಧ್ಯವಾದರೆ ನೀವೇ ಜೊತೆಗೆ ಹೋಗಿ. ಮಗುವಿನ ಬಗ್ಗೆ ನಿಮಗೆ ತಿಳಿದಿರುವಷ್ಟು ಇನ್ನಾರಿಗೂ ತಿಳಿದಿರುವುದಿಲ್ಲ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಸಿಆರ್‌ಪಿ, ಇಎಸ್‌ಆರ್ ಮುಂತಾದ ರಕ್ತ ಪರೀಕ್ಷೆಗಳಿಂದ ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಯುತ್ತಾರೆ. ಟೈಫಾಯ್ಡ್, ಡೆಂಗ್ಯೂ ಅಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಎಕೊ ಪರೀಕ್ಷೆಯಿಂದ ಹೃದಯದ ಬಡಿತದ ಶಕ್ತಿಯನ್ನೂ ರಕ್ತನಾಳಗಳನ್ನೂ ನೋಡುತ್ತಾರೆ. ಎಕೊ ಎಂದರೆ ಬಸುರಿಯರಿಗೆ ಮಾಡುವ ಸ್ಕ್ಯಾನಿಂಗಿನಂಥದ್ದೇ. ನೋವಿಲ್ಲ.

ಮುಖ್ಯ ಔಷಧ ಇಮ್ಯುನೊಗ್ಲಾಬ್ಯುಲಿನ್. ಇದು ಕಾರ್ಖಾನೆಯ ರಾಸಾಯನಿಕವಲ್ಲ. ಸಾವಿರಾರು ಆರೋಗ್ಯವಂತರು ಕೊಟ್ಟ ರಕ್ತದ ದ್ರವದಿಂದ ಬೇರ್ಪಡಿಸಿದ ರಕ್ಷಣಾ ಅಂಶ. ಯಾವುದೋ ಊರಿನ, ಯಾವುದೋ ಜಾತಿ-ಧರ್ಮದ ಜನರು ಕೊಟ್ಟ ರಕ್ತ ಇಲ್ಲಿನ ಮಗುವಿನ ಹೃದಯವನ್ನು ಕಾಯುತ್ತದೆ. ಪ್ರತಿ ಕಿಲೋ ತೂಕಕ್ಕೆ 2 ಗ್ರಾಂ ಬೇಕು. 20 ಕಿಲೋ ತೂಕದ ಮಗುವಿಗೆ 40 ಗ್ರಾಂ, ಅಂದರೆ 5 ಗ್ರಾಮಿನ ಎಂಟು ಬಾಟಲಿ. ಒಂದೊಂದು ಬಾಟಲಿಗೆ ಸಾವಿರಾರು ರೂಪಾಯಿ. ಜೊತೆಗೆ ಸ್ಟೆರಾಯ್ಡ್ ಔಷಧ ಕೊಡುತ್ತಾರೆ. 2021ರಲ್ಲಿ 32 ದೇಶಗಳ 614 ಮಕ್ಕಳ ಮಾಹಿತಿಯನ್ನು ಹೋಲಿಸಿ ನೋಡಿದಾಗ, ಎಂಐಎಸ್-ಸಿಗೆ ಸ್ಟೆರಾಯ್ಡ್ ಮಾತ್ರ ಪಡೆದವರ ಚೇತರಿಕೆಯಲ್ಲೂ ಇಮ್ಯುನೊಗ್ಲಾಬ್ಯುಲಿನ್ ಪಡೆದವರ ಚೇತರಿಕೆಯಲ್ಲೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಸ್ಟೆರಾಯ್ಡ್ ಅಗ್ಗದ ಔಷಧ. ಆದ್ದರಿಂದ ದುಬಾರಿ ಬಾಟಲಿ ಕೈಗೆ ಸಿಗುವ ತನಕ ಚಿಕಿತ್ಸೆ ಇಲ್ಲವೇ ಇಲ್ಲ ಎಂದು ಕೈಚೆಲ್ಲಬೇಕಾಗಿಲ್ಲ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ. ಅಲ್ಲಿ ಮಗುವಿನ ರಕ್ತದೊತ್ತಡ ನೋಡಿ ಅಗತ್ಯವಿದ್ದರೆ ದ್ರವ, ಆಮ್ಲಜನಕ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ರಾಯಚೂರಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ರಿಮ್ಸ್ ಇದೆ. ಅಲ್ಲಿಂದಲೂ ಮುಂದೆ ಹೋಗಬೇಕಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತಹ ಆಸ್ಪತ್ರೆಗಳಿವೆ. ಹೊರಡುವಾಗ ರೇಷನ್ ಕಾರ್ಡ್, ಆಧಾರ್ ಮತ್ತು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಜೊತೆಗಿರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ನೆರವು ಈ ಯೋಜನೆಯಲ್ಲಿದೆ. ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಕೇಳಿ ಪಡೆಯಿರಿ. ಒಡವೆ ಅಡವಿಡುವ ಮೊದಲು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಇವುಗಳನ್ನು ಮಾಡಬೇಡಿ

ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ತೂಕಕ್ಕೆ ತಕ್ಕ ಪ್ರಮಾಣವನ್ನು ಕೇಳಿ ತಿಳಿದು, ಆರು ಗಂಟೆಗೊಮ್ಮೆ ಕೊಡಿ. ಮಕ್ಕಳ ಜ್ವರಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಲೇಬಾರದು. ವೈರಸ್ ಜ್ವರದಲ್ಲಿ ಅದು ಯಕೃತ್ತಿಗೂ ಮಿದುಳಿಗೂ ಹಾನಿ ಮಾಡಬಹುದು. ಕವಾಸಾಕಿಯಲ್ಲಿ ವೈದ್ಯರು ಅದನ್ನೇ ಕೊಡುತ್ತಾರೆ, ನಿಜ. ಆದರೆ ಅದು ಅಳತೆ ನೋಡಿ, ಅವರ ನಿಗಾದಲ್ಲಿ. ಡೆಂಗ್ಯೂ ಇರಬಹುದಾದ ಕಾಲದಲ್ಲಿ ಐಬುಪ್ರೊಫೆನ್ ಕೂಡ ಬೇಡ.

ಅರ್ಹತೆಯಿಲ್ಲದವರಿಂದ ಸೂಜಿ ಹಾಕಿಸಬೇಡಿ. ಆ ಸೂಜಿಯಲ್ಲಿ ಎಷ್ಟೋ ವೇಳೆ ಸ್ಟೆರಾಯ್ಡ್ ಇರುತ್ತದೆ. ಜ್ವರ ಒಂದು ದಿನ ಇಳಿದಂತೆ ಕಾಣುತ್ತದೆ, ಲಕ್ಷಣಗಳು ಮರೆಯಾಗುತ್ತವೆ, ಕಾಯಿಲೆ ಒಳಗೇ ಬೆಳೆಯುತ್ತದೆ. ಫಿಟ್ಸ್ ಬಂದ ಮಗುವಿಗೆ ಬರೆ ಹಾಕಿಸಬೇಡಿ. ದುಆ ಮಾಡಿ, ಹಿರಿಯರಿಂದ ಮಾಡಿಸಿ. ಆದರೆ ಆಸ್ಪತ್ರೆಯ ದಾರಿಯಲ್ಲಿ ಮಾಡಿ. ದುಆಗೆ ಔಷಧವು ಅಡ್ಡಿಯಲ್ಲ. ರಂಝಾನಿನಲ್ಲಿ ಉತ್ಸಾಹದಿಂದ ಉಪವಾಸ ಹಿಡಿದ ಮಗುವಿಗೆ ಜ್ವರ ಬಂದರೆ, ರೋಗಿಗೆ ವಿನಾಯಿತಿ ಇದೆಯೆಂದು ಪ್ರೀತಿಯಿಂದ ತಿಳಿಸಿ ನೀರು ಕುಡಿಸಿ. ಹೆಣ್ಣು ಮಗುವಾದರೆ 'ಇನ್ನೊಂದು ದಿನ ನೋಡೋಣ' ಎನ್ನುವ ಮನೆಗಳು ಇಂದಿಗೂ ಇವೆ. ಅಲ್ಲಾಹನು ಕೊಟ್ಟ ಅಮಾನತ್ತಿನಲ್ಲಿ ಗಂಡು-ಹೆಣ್ಣೆಂಬ ಭೇದವಿಲ್ಲ.

ಮನೆಗೆ ಬಂದ ಮೇಲೆ

ಮಗು ನಗುತ್ತಾ ಮನೆಗೆ ಬಂದಿತೆಂದು ಕಡತವನ್ನು ಅಟ್ಟಕ್ಕೆ ಹಾಕಬೇಡಿ. ಹೃದಯದ ಎಕೊವನ್ನು ಮತ್ತೆ ಮಾಡಿಸಬೇಕು. ಒಂದೆರಡು ವಾರಕ್ಕೆ, ಆಮೇಲೆ ಆರೆಂಟು ವಾರಕ್ಕೆ ಕರೆಯುವುದು ರೂಢಿ. ಹೃದಯಕ್ಕೆ ತೊಂದರೆಯಾಗಿದ್ದರೆ ಮೂರರಿಂದ ಆರು ತಿಂಗಳು ಓಟ, ಕಬಡ್ಡಿ, ಈಜು ಬೇಡ. ಇದನ್ನು ಶಾಲೆಯ ಶಿಕ್ಷಕರಿಗೂ ತಿಳಿಸಿ. ಸ್ಟೆರಾಯ್ಡ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಅದನ್ನು ಹಂತ ಹಂತವಾಗಿ ಇಳಿಸಬೇಕು. ಇಮ್ಯುನೊಗ್ಲಾಬ್ಯುಲಿನ್ ಪಡೆದ ಮಗುವಿಗೆ ದಡಾರ, ಸೀತಾಳೆ ಸಿಡುಬಿನಂತಹ ಕಾಯಿಲೆಗಳ ಜೀವಂತ ಲಸಿಕೆಗಳನ್ನು ಸುಮಾರು 11 ತಿಂಗಳು ಮುಂದೂಡುವುದುಂಟು. ಲಸಿಕೆ ಹಾಕುವ ಅಕ್ಕನಿಗೆ ಬಿಡುಗಡೆ ಚೀಟಿ ತೋರಿಸಿ.

ದಡಾರದ ಪಾಠ

ವೈರಸ್ ಬಿಟ್ಟು ಹೋಗುವ ತೊಂದರೆಗಳಲ್ಲಿ ಒಂದನ್ನು ಮಾತ್ರ ನಾವು ಖಂಡಿತವಾಗಿ ತಡೆಯಬಲ್ಲೆವು. ದಡಾರ ಬಂದು ಹೋದ ಕೆಲವು ಮಕ್ಕಳಲ್ಲಿ ಆ ವೈರಸ್ ಮಿದುಳಿನಲ್ಲಿ ಅಡಗಿ ಕುಳಿತು, ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷಗಳ ನಂತರ ಎದ್ದು ಬರುತ್ತದೆ. ಓದಿನಲ್ಲಿ ಚೆನ್ನಾಗಿದ್ದ ಮಗು ಮರೆಯತೊಡಗುತ್ತದೆ, ಕೈಕಾಲು ಝಟಕಾ ಹೊಡೆಯುತ್ತದೆ, ನಡೆಯುತ್ತಾ ಬೀಳುತ್ತದೆ. ಎಸ್‌ಎಸ್‌ಪಿಇ ಎಂಬ ಈ ಮಿದುಳಿನ ಉರಿಯೂತವನ್ನು ಗುಣಪಡಿಸುವ ಔಷಧ ಇಲ್ಲ. ಎರಡು ವರ್ಷದೊಳಗೆ ದಡಾರ ಬಂದ ಮಕ್ಕಳಿಗೆ ಅಪಾಯ ಹೆಚ್ಚು. ಆದರೆ ಲಸಿಕೆ ಇದೆ: ಮೊದಲನೆಯದು 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ, ಉಚಿತವಾಗಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಮೊಬೈಲ್‌ಗಳಲ್ಲಿ ಹರಿದಾಡಿದ ವದಂತಿಗಳು ನಿಮಗೆ ನೆನಪಿರಬಹುದು. ಅಂತಹ ವದಂತಿಗೆ ಕಿವಿಗೊಟ್ಟು ತಪ್ಪಿಸಿದ ಒಂದು ಸೂಜಿಯ ಬೆಲೆಯನ್ನು ಹತ್ತು ವರ್ಷದ ನಂತರ ಮಗು ತೆರಬೇಕಾದೀತು.

ಕೊನೆಯದಾಗಿ ಒಂದು ಸಣ್ಣ ಕೆಲಸ. ನಿಮ್ಮ ಬಳಿ ಪ್ರತಿ ಮಗುವಿನ ತಾಯಿ ಕಾರ್ಡ್ ಇರುತ್ತದೆ. ಅದರ ಹಿಂದೆ ಒಂದು ಬಿಳಿ ಹಾಳೆ ಹೊಲಿದುಬಿಡಿ. ಮಗುವಿಗೆ ಜ್ವರ ಬಂದ ದಿನ, ಇಳಿದ ದಿನ, ಆಗ ಮನೆಯಲ್ಲಿ ಬೇರೆ ಯಾರಿಗೆ ಕಾಯಿಲೆ ಇತ್ತು, ಯಾವ ಔಷಧ ಕೊಟ್ಟಿರಿ ಎಂದು ಒಂದೊಂದು ಸಾಲು ಬರೆಯಿರಿ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಗಳು ಬರೆದು ಕೊಡಲಿ. ಕನ್ನಡದಲ್ಲೋ ಉರ್ದುವಿನಲ್ಲೋ ಇದ್ದರೂ ಅಡ್ಡಿಯಿಲ್ಲ. ಆ ಹಾಳೆ ಹೆಚ್ಚಿನ ಮನೆಗಳಲ್ಲಿ ಎಂದೂ ಉಪಯೋಗಕ್ಕೆ ಬಾರದಿರಲಿ ಎಂದೇ ನಮ್ಮ ಪ್ರಾರ್ಥನೆ. ಬೇಕಾದ ದಿನ ಅದು ನಿಮ್ಮ ಕೈಯಲ್ಲಿರಲಿ.